ಅಜ್ಜನ ಹೊಟ್ಟೆಯ ಮೇಲೆ ಕುಣಿದ ಅಡಿಕೆ

ಇವರಿಗೆ 65 ತುಂಬಲು ಇನ್ನೂ ಮೂರು ತಿಂಗಳಿತ್ತು. ಆಗಲೇ ಕಾಗದ ಬಂತು. ಬಿಳಿ ಲಕೋಟೆ, ಮೂಲೆಯಲ್ಲಿ ಎನ್‌ಎಚ್‌ಎಸ್, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ನೀಲಿ ಗುರುತು. ಒಳಗೆ ದಿನಾಂಕ, ಸಮಯ, ಮನೆಯಿಂದ ಎರಡು ಬಸ್ ಸ್ಟಾಪ್ ದೂರದ ಒಂದು ಕ್ಲಿನಿಕ್‌ನ ವಿಳಾಸ. ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಳ್ಳಲು ಬನ್ನಿ, ಹತ್ತು ನಿಮಿಷದ ಕೆಲಸ ಅಂತ ಬರೆದಿತ್ತು. ಇವರು ಓದಿದರು, ಮಡಚಿದರು, ಟೀವಿ ಪಕ್ಕದ ಬುಟ್ಟಿಗೆ ಹಾಕಿದರು. ಆ ಬುಟ್ಟಿಗೆ ಹೋದ ಕಾಗದ ಮತ್ತೆ ಹೊರಗೆ ಬರುವುದು ಅಪರೂಪ. "ಹೋಗಲ್ವಾ?" ಅಂತ ಕೇಳಿದೆ. "ನನಗೇನಾಗಿದೆ? ಹೊಟ್ಟೆನೋವಿಲ್ಲ, ಗ್ಯಾಸ್ ಇಲ್ಲ, ದಿನಾ ಮೂರು ಮೈಲಿ ನಡೀತೀನಿ. ಸುಮ್ನೆ ಯಾಕೆ ಹೋಗ್ಬೇಕು?" ಅಂದರು. ನನಗೂ ಅದು ಸರಿ ಅನ್ನಿಸಿತು. ನಮ್ಮಲ್ಲಿ ಡಾಕ್ಟರ ಹತ್ತಿರ ಹೋಗುವುದು ಏನಾದರೂ ಆದಾಗ ಅಲ್ವಾ?

ಆದರೂ ಸಂಜೆ ಕಾಗದ ತೆಗೆದು ಇನ್ನೊಮ್ಮೆ ಓದಿದೆ. ಜೊತೆಗೊಂದು ಪುಟ್ಟ ಪುಸ್ತಿಕೆ ಇತ್ತು. ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಂ. ಇಲ್ಲಿಯವರು ಚಿಕ್ಕದಾಗಿ 'ಟ್ರಿಪಲ್ ಎ' ಅನ್ನುತ್ತಾರೆ. ಹೃದಯದಿಂದ ಹೊರಟ ಅಯೋರ್ಟಾ ಅನ್ನುವ ದೊಡ್ಡ ರಕ್ತನಾಳ ಬೆನ್ನುಮೂಳೆಯ ಮುಂದೆ ಹಾದು ಹೊಟ್ಟೆಗೆ ಇಳಿಯುತ್ತದೆ, ಹೊಕ್ಕುಳಿನ ಹತ್ತಿರ ಎರಡು ಕವಲಾಗಿ ಕಾಲುಗಳ ಕಡೆ ಹೋಗುತ್ತದೆ. ಅಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ವಯಸ್ಸಾದ ಕೆಲವರಲ್ಲಿ, ಅದರಲ್ಲೂ ಸಿಗರೇಟು ಸೇದಿದ ಗಂಡಸರಲ್ಲಿ, ಅದರ ಗೋಡೆ ಒಂದು ಕಡೆ ಸಡಿಲವಾಗುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ಹಳೆಯದಾದಾಗ ಒಂದು ಜಾಗದಲ್ಲಿ ಮೆತ್ತಗಾಗಿ ಉಬ್ಬುತ್ತದಲ್ಲ, ಹಾಗೆ. 3 ಸೆಂಟಿಮೀಟರ್ ಮುಟ್ಟಿದರೆ ಅನ್ಯೂರಿಸಂ ಅನ್ನುತ್ತಾರೆ. ಉಬ್ಬುವಾಗ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಒಡೆದಾಗ. ಒಡೆದರೆ 10 ಜನರಲ್ಲಿ ಸುಮಾರು 8 ಜನ ಉಳಿಯುವುದಿಲ್ಲ. ಎಷ್ಟೋ ಜನ ಆಸ್ಪತ್ರೆಯ ಬಾಗಿಲನ್ನೂ ಕಾಣುವುದಿಲ್ಲ.

'ನನಗೇನೂ ಆಗಿಲ್ಲ' ಅನ್ನುವವರಿಗಾಗಿಯೇ ಈ ಕಾಗದ ಬರೆದಿದ್ದಾರೆ ಅಂತ ಆಗ ಹೊಳೆಯಿತು. ಬುಟ್ಟಿಯಿಂದ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

(ಈ ಉಬ್ಬಿಗೆ ನಮ್ಮ ಮಾತಿನಲ್ಲಿ ಹೆಸರಿಲ್ಲ. ಊರಿನಲ್ಲಿ ಎಲ್ಲದಕ್ಕೂ 'ನರ' ಅಂತಲೇ ಹೇಳುವುದು. ಕಾಲಿನ ನರ ಉಬ್ಬಿದೆ, ತಲೆಯ ನರ ಒಡೆದಿದೆ, ನರ ಸೆಳೆತ. ಕೈಯಲ್ಲಿ ಕಾಣುವ ನೀಲಿ ಗೆರೆಯೂ ನರ, ನೋವು ತಿಳಿಸುವ ತಂತಿಯೂ ನರ. ಹೆಸರಿಲ್ಲದ ಕಾಯಿಲೆಯಿಂದ ಯಾರು ಸತ್ತರು ಅಂತ ಹೇಳುವುದು ಹೇಗೆ? ಅವರೆಲ್ಲ 'ಹಾರ್ಟ್ ಅಟ್ಯಾಕ್'ನ ಲೆಕ್ಕಕ್ಕೆ ಸೇರಿಬಿಡುತ್ತಾರೆ.)

ಕಪ್ಪು ವೃತ್ತ

ನಾನೂ ಜೊತೆಗೆ ಹೋದೆ. ಕಾಯುವ ಜಾಗದಲ್ಲಿ ಐದು ಜನ ಗಂಡಸರು ಕೂತಿದ್ದರು. ನೋಡಿದ ಕೂಡಲೇ ಒಂದು ವಿಷಯ ಮನಸ್ಸಿಗೆ ತಟ್ಟಿತು. ಎಲ್ಲರೂ ಒಂದೇ ವಯಸ್ಸಿನವರು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ ಯಾರಿಗೆಲ್ಲ 65 ಆಗುತ್ತದೋ ಅವರಿಗೆಲ್ಲ ಕರೆ ಹೋಗುತ್ತದೆ. ಲಾರಿ ಓಡಿಸಿದವರು, ಮೇಷ್ಟ್ರುಗಳು, ಅಂಗಡಿಯವರು, ಯಾರೇ ಆಗಲಿ. ಒಂದೇ ವರ್ಷ ಶಾಲೆಗೆ ಸೇರಿದ ಹುಡುಗರನ್ನು ಮತ್ತೆ ಒಂದು ಬೆಂಚಿನಲ್ಲಿ ಕೂರಿಸಿದ ಹಾಗಿತ್ತು. ಇಂಗ್ಲೆಂಡಿನಲ್ಲಿ ಇದು ಶುರುವಾದದ್ದು 2009ರಲ್ಲಿ, ದೇಶ ಪೂರ್ತಿ ತಲುಪಿದ್ದು 2013ಕ್ಕೆ.

ಸ್ಕ್ಯಾನ್ ಮಾಡಿದವಳು ಡಾಕ್ಟರಲ್ಲ. ಇದೊಂದೇ ಕೆಲಸಕ್ಕೆ ತರಬೇತಿ ಪಡೆದ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಬಟ್ಟೆ ಬದಲಿಸುವ ಗಲಾಟೆ ಇಲ್ಲ. ಅಂಗಿಯನ್ನು ಎದೆಯವರೆಗೆ ಎತ್ತಿಕೊಳ್ಳಿ ಅಂದಳು. ಜೆಲ್ ಹಾಕುವ ಮುಂಚೆ "ಸ್ವಲ್ಪ ತಣ್ಣಗಿರುತ್ತೆ" ಅಂತ ಹೇಳಿದಳು. ಇವರು ಹೊಟ್ಟೆ ಬಿಗಿ ಹಿಡಿದರು. "ಉಸಿರು ಬಿಡಿ, ಸಡಿಲ ಮಾಡಿ" ಅಂದಳು.

ಪರದೆಯ ಮೇಲೆ ಬೂದು ಬಣ್ಣದ ಮಂಜು. ಅದರ ನಡುವೆ ಒಂದು ಕಪ್ಪು ವೃತ್ತ. ಅದು ಮಿಡಿಯುತ್ತಿತ್ತು. ಮದುವೆಯಾಗಿ ಮೂವತ್ತೈದು ವರ್ಷದ ಮೇಲೆ ನಾನು ಇವರ ಒಳಗನ್ನು ನೋಡಿದ್ದು ಅದೇ ಮೊದಲು. ಅವಳು ಚಿತ್ರವನ್ನು ನಿಲ್ಲಿಸಿದಳು. ವೃತ್ತದ ಮೇಲಂಚಿಗೆ ಒಂದು ಸಣ್ಣ ಕೂಡುಚಿಹ್ನೆ ಇಟ್ಟಳು, ಕೆಳಗಿನ ಅಂಚಿಗೆ ಇನ್ನೊಂದು. ಎರಡರ ನಡುವೆ ಚುಕ್ಕಿಗೆರೆ ಮೂಡಿತು. ಮತ್ತೆ ಬಿಟ್ಟಳು, ಉದ್ದಕ್ಕೆ ತಿರುಗಿಸಿ ಇನ್ನೊಮ್ಮೆ ಅಳೆದಳು. ನಮಗಿಂತ ಮುಂಚೆ ಒಳಗೆ ಹೋದವರು ಐದೇ ನಿಮಿಷಕ್ಕೆ ಹೊರಗೆ ಬಂದಿದ್ದರು. ನಮ್ಮದು ಹತ್ತು ದಾಟಿತ್ತು. ಜೆಲ್ ಒರೆಸಿಕೊಳ್ಳಲು ಪೇಪರ್ ಕೊಟ್ಟು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಹೇಳಿದಳು. 3.6 ಸೆಂಟಿಮೀಟರ್. ಸಣ್ಣದು. ಈಗ ಏನೂ ಮಾಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಕರೆಯುತ್ತೇವೆ, ಅಳೆಯುತ್ತೇವೆ.

ಇವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತು. ಬಸ್ಸಿನಲ್ಲಿ ಕೂತ ಮೇಲೆ ನಾನು ಅದನ್ನು ಸರಿ ಮಾಡಿದೆ.

ಕೆಲವು ವಾರದ ನಂತರ ನರ್ಸ್ ಒಬ್ಬರು ಕರೆದು ಮಾತಾಡಿದರು. ಬಿಪಿ ನೋಡಿದರು. ಸಿಗರೇಟಿನ ವಿಷಯ ಕೇಳಿದರು. ಇವರು ಕಾಲೇಜಿನಲ್ಲಿ ಶುರು ಮಾಡಿದ್ದು, 2001ರಲ್ಲಿ ಲೆಸ್ಟರ್‌ಗೆ ಬಂದ ವರ್ಷ ಬಿಟ್ಟಿದ್ದು. ಆಮೇಲೆ ಆ ಪ್ರಶ್ನೆ ಬಂತು. "ನಿಮ್ಮ ತಂದೆಗೆ, ಅಣ್ಣತಮ್ಮಂದಿರಿಗೆ ಯಾರಿಗಾದರೂ ಇದು ಇತ್ತಾ?" ಇವರು ಇಪ್ಪತ್ತೇಳು ವರ್ಷದಿಂದ ಹೇಳಿಕೊಂಡು ಬಂದ ಉತ್ತರವನ್ನೇ ಹೇಳಿದರು. "ಇಲ್ಲ. ಅಪ್ಪ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು." ನರ್ಸ್ ಬರೆದುಕೊಂಡರು.

ನನಗೆ ಮಾತ್ರ ಅಡಿಕೆ ನೆನಪಾಯಿತು.

ಪುನರ್ವಸು ಮಳೆ

1996ರ ಜುಲೈ. ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು ಅಂತ ನಾನು ಮಗಳನ್ನು ಕರೆದುಕೊಂಡು ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಇವರು ಬೆಂಗಳೂರಿನಲ್ಲೇ ಇದ್ದರು. ಪುನರ್ವಸು ಮಳೆ ಬಿಡದೆ ಹೊಯ್ಯುತ್ತಿತ್ತು. ತೋಟಕ್ಕೆ ಹೋಗುವ ಹಾಗಿರಲಿಲ್ಲ. ಮಾವನವರು ಮಧ್ಯಾಹ್ನ ಊಟ ಮುಗಿಸಿ ಜಗಲಿಯ ಮಂಚದ ಮೇಲೆ ಅಂಗಾತ ಮಲಗುತ್ತಿದ್ದರು. ಮೈಮೇಲೆ ಪಂಚೆ ಬಿಟ್ಟರೆ ಏನಿಲ್ಲ. ತೆಳ್ಳನೆ ಆಳು, 72 ವರ್ಷ, ಪಕ್ಕೆಲುಬು ಎಣಿಸಬಹುದಿತ್ತು. ದಿಂಬಿನ ಕೆಳಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ. ಮಗಳಿಗೆ ಆಗ ಆರು ವರ್ಷ. ಅವಳು ಕವಳದ ತಟ್ಟೆಯಿಂದ ಒಂದು ಇಡೀ ಅಡಿಕೆ ತಂದು ಅಜ್ಜನ ಹೊಕ್ಕುಳಿನ ಮೇಲ್ಗಡೆ ಇಡುತ್ತಿದ್ದಳು. ಅಡಿಕೆ ಕುಣಿಯುತ್ತಿತ್ತು. ಟಕ್, ಟಕ್, ಟಕ್. ಒಂದೇ ತಾಳ. ಅವಳು ಕೈತಟ್ಟಿ ನಗುತ್ತಿದ್ದಳು. ಮಾವನವರೂ ನಗುತ್ತಿದ್ದರು. ನಕ್ಕಾಗ ಅಡಿಕೆ ಉರುಳಿ ಬೀಳುತ್ತಿತ್ತು. ಅತ್ತೆ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಒಳಗಿನಿಂದಲೇ "ಎಂಥದೇ ಅದು ನಗು?" ಅಂತ ಕೇಳುತ್ತಿದ್ದರು.

ನಾನು ಹೋಗಿ ಐದನೆಯ ದಿನ ಸಂಜೆ ಮಾವನವರಿಗೆ ಸೊಂಟದ ಎಡಗಡೆ ನೋವು ಬಂತು. ಕೂತರೆ ಆಗದು, ಮಲಗಿದರೆ ಆಗದು. ಮೈಯೆಲ್ಲ ಬೆವರು, ಆ ಚಳಿಯಲ್ಲಿ. ಭಾವ, ಅಂದರೆ ಇವರ ಅಣ್ಣ, ಪೇಟೆಯಿಂದ ಡಾಕ್ಟರನ್ನು ಕರೆತಂದರು. ಕಿಡ್ನಿ ಸ್ಟೋನ್ ಇರಬೇಕು ಅಂತ ಅವರು ಇಂಜೆಕ್ಷನ್ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಡೆದ ಟ್ರಿಪಲ್ ಎ ಹೀಗೆ ಕಿಡ್ನಿ ಕಲ್ಲಿನ ವೇಷದಲ್ಲಿ ಬರುವುದು ದೊಡ್ಡ ಆಸ್ಪತ್ರೆಗಳ ಡಾಕ್ಟರುಗಳನ್ನೂ ಮೋಸಗೊಳಿಸಿದೆ ಅಂತ ಈಗ ಓದಿ ತಿಳಿದಿದ್ದೇನೆ. ಒಂದು ಗಂಟೆಯಲ್ಲಿ ಮುಖ ಸುಣ್ಣದ ಹಾಗಾಯಿತು. ಪಕ್ಕದ ಮನೆಯವರ ಅಂಬಾಸಿಡರ್‌ನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ಮುಂದೆ ಭಾವ, ಹಿಂದೆ ನನ್ನ ತೊಡೆಯ ಮೇಲೆ ಮಾವನವರ ತಲೆ. ವೈಪರ್ ಎಷ್ಟು ಆಡಿದರೂ ರಸ್ತೆ ಕಾಣುತ್ತಿರಲಿಲ್ಲ. ಮಂಡಗದ್ದೆ ಹತ್ತಿರ ಬರುವ ಹೊತ್ತಿಗೆ ನಾನು ಹಿಡಿದಿದ್ದ ಕೈ ತಣ್ಣಗಾಗಿತ್ತು. ಅಲ್ಲಿಂದ ಶಿವಮೊಗ್ಗಕ್ಕೆ ಇನ್ನೂ ಅರ್ಧ ದಾರಿ. ನಾನು ಭಾವನಿಗೆ ಹೇಳಲಿಲ್ಲ. ಆ ಮೂವತ್ತು ಕಿಲೋಮೀಟರ್ ಸುಮ್ಮನೆ ಕೈ ಹಿಡಿದು ಕೂತಿದ್ದೆ.

ಆಸ್ಪತ್ರೆಯಲ್ಲಿ ನೋಡಿದವರು ಹಾರ್ಟ್ ಅಂದರು. ಪೋಸ್ಟ್‌ಮಾರ್ಟಂ ಯಾರೂ ಕೇಳಲಿಲ್ಲ, ಯಾರೂ ಮಾಡಲಿಲ್ಲ. ಎಲ್ಲ ಕಡೆ ಅದೇ ಹೇಳಿದೆವು.

ಹಾಗಾಗಿ ಇದು ಟ್ರಿಪಲ್ ಎ ಆಗಿತ್ತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ತೆಳ್ಳಗಿರುವವರ ಹೊಟ್ಟೆಯಲ್ಲಿ ಮಾಮೂಲಿ ಮಿಡಿತವೂ ಕಾಣಬಹುದು, ಅದಕ್ಕೆ ಹೆದರಬೇಕಾಗಿಲ್ಲ ಅಂತ ನರ್ಸೇ ಹೇಳಿದರು. ಆದರೆ ನಾನು ಕ್ಲಿನಿಕ್‌ನ ಕುರ್ಚಿಯಲ್ಲಿ ಕೂತು ಅಡಿಕೆಯ ಕಥೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ 'ಇಲ್ಲ' ಅಂತ ಬರೆದಿದ್ದನ್ನು ಹೊಡೆದು 'ಇರಬಹುದು' ಅಂತ ಬರೆದರು. ಇವರು ನನ್ನನ್ನೇ ನೋಡುತ್ತಿದ್ದರು. ಅಪ್ಪನ ಕೊನೆಯ ಆ ವಾರ ಅವರು ಊರಿನಲ್ಲಿರಲಿಲ್ಲ. ಅಡಿಕೆಯ ಆಟ ಅವರಿಗೆ ಗೊತ್ತೇ ಇರಲಿಲ್ಲ.

ಅಳತೆ ಗೊತ್ತಾದ ಮೇಲೆ

ಒಂದು ಸಂಖ್ಯೆಯನ್ನು ಮನೆಗೆ ತಂದುಕೊಂಡರೆ ಅದು ಮೂಲೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಮೊದಲ ಕೆಲವು ತಿಂಗಳು ಇವರು ಕೆಮ್ಮಿದರೂ ನನಗೆ ಗಾಬರಿ. ಅಕ್ಕಿ ಚೀಲ ಎತ್ತಲು ಬಿಡಲಿಲ್ಲ. ಇವರೋ ರಾತ್ರಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗುತ್ತಿದ್ದರು. ನಾನು ಕಂಡರೆ ತೆಗೆಯುತ್ತಿದ್ದರು. 3.6 ಅಂದರೆ ಒಡೆಯುವ ಸಾಧ್ಯತೆ ತೀರಾ ಕಡಿಮೆ ಅಂತ ಹೇಳಿದ್ದರೂ ಹೀಗೆ. ಇಲ್ಲಿಯ ನಿಯಮದಲ್ಲಿ 3ರಿಂದ 4.4ರವರೆಗೆ ವರ್ಷಕ್ಕೊಮ್ಮೆ ಸ್ಕ್ಯಾನ್. 4.5ರಿಂದ 5.4ರವರೆಗೆ ಮೂರು ತಿಂಗಳಿಗೊಮ್ಮೆ. 5.5 ಮುಟ್ಟಿದರೆ ಸರ್ಜನ್ ಹತ್ತಿರ ಕಳಿಸುತ್ತಾರೆ. ಹೊಟ್ಟೆ ತೆರೆದು ಕೃತಕ ಕೊಳವೆ ಹೊಲಿಯಬಹುದು, ಇಲ್ಲವೇ ತೊಡೆಸಂದಿಯ ರಕ್ತನಾಳದಿಂದ ಒಂದು ಸ್ಟೆಂಟ್ ಒಳಗೆ ಕಳಿಸಿ ಕೂರಿಸಬಹುದು. 6 ದಾಟಿದರೆ ಕಾರು ಓಡಿಸುವವರು ಲೈಸೆನ್ಸ್ ಕೊಡುವ ಇಲಾಖೆಗೂ ತಿಳಿಸಬೇಕು.

"ಈಗಲೇ ಆಪರೇಷನ್ ಮಾಡಿ ಮುಗಿಸಿಬಿಡಬಾರದಾ?" ಅಂತ ನಾನು ನರ್ಸನ್ನು ಕೇಳಿದ್ದೆ. ಬೇಡ ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಬ್ರಿಟನ್ನಿನಲ್ಲಿ 4ರಿಂದ 5.5 ಸೆಂಟಿಮೀಟರ್ ಉಬ್ಬು ಇದ್ದ 1,090 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಆಪರೇಷನ್ ಮಾಡಿ, ಇನ್ನೊಂದನ್ನು ಬರೀ ಗಮನಿಸುತ್ತಾ ನೋಡಿದರು. 1998ರಲ್ಲಿ ಫಲಿತಾಂಶ ಬಂತು. ಬೇಗ ಆಪರೇಷನ್ ಮಾಡಿಸಿಕೊಂಡವರು ಇನ್ನೊಂದು ಗುಂಪಿನವರಿಗಿಂತ ಹೆಚ್ಚು ಬದುಕಲಿಲ್ಲ. ಆಪರೇಷನ್‌ಗೂ ಅದರದೇ ಅಪಾಯ ಇದೆ. ಕಾಯುವುದು ಕೂಡ ಚಿಕಿತ್ಸೆ ಅಂತ ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು.

ಆ ವರ್ಷ ನಾನು ಸಿಕ್ಕಿದ್ದೆಲ್ಲ ಓದಿದೆ. ಈ ಕಾಗದದ ಹಿಂದೆ ಇರುವ ದೊಡ್ಡ ಅಧ್ಯಯನ ನಡೆದದ್ದು ಪೋರ್ಟ್ಸ್‌ಮತ್, ಸೌತಾಂಪ್ಟನ್, ವಿಂಚೆಸ್ಟರ್, ಆಕ್ಸ್‌ಫರ್ಡ್‌ಗಳಲ್ಲಿ. 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರಲ್ಲಿ ಅರ್ಧ ಜನರನ್ನು ಸ್ಕ್ಯಾನ್‌ಗೆ ಕರೆದರು, ಅರ್ಧ ಜನರನ್ನು ಕರೆಯಲಿಲ್ಲ. 2002ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಸುಮಾರು ನಾಲ್ಕು ವರ್ಷದಲ್ಲಿ ಈ ಕಾಯಿಲೆಯಿಂದ ಸತ್ತವರು ಕರೆಯದ ಗುಂಪಿನಲ್ಲಿ 113, ಕರೆದ ಗುಂಪಿನಲ್ಲಿ 65. ಈ ಎರಡು ಸಂಖ್ಯೆಗಳನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ನಡುವಿನ ಆ ನಲವತ್ತೆಂಟು ಜನರಿಗೆ ತಾವು ಯಾರು ಅಂತ ಗೊತ್ತಿಲ್ಲ.

ಇನ್ನೊಂದು ಕಡೆಯ ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆ ಅಧ್ಯಯನದಲ್ಲಿ ಸ್ಕ್ಯಾನ್ ಮಾಡಿಸಿಕೊಂಡ 100 ಜನರಲ್ಲಿ ಸುಮಾರು 5 ಜನರಿಗೆ ಉಬ್ಬು ಸಿಕ್ಕಿತ್ತು. ಈಗ 65ಕ್ಕೆ ಕರೆದವರಲ್ಲಿ ಸಿಗುವುದು ನೂರಕ್ಕೆ ಸುಮಾರು ಒಬ್ಬರಿಗೆ. ಸಿಗರೇಟು ಕಡಿಮೆಯಾಯಿತು, ಕಾಯಿಲೆಯೂ ಕಡಿಮೆಯಾಯಿತು. ಸ್ವೀಡನ್ನಿನಲ್ಲೂ 65ರ ಗಂಡಸರನ್ನು ಹೀಗೇ ಕರೆಯುತ್ತಾರೆ. ಅಲ್ಲಿಯ ಸಂಶೋಧಕರು 2018ರಲ್ಲಿ, ಈಗ ಇದರಿಂದ ಉಳಿಯುವ ಜೀವಗಳು ಕಡಿಮೆ, ಒಡೆಯದೇ ಇರುವ ಉಬ್ಬನ್ನು ಹೇಳಿ ಹೆದರಿಸುವುದು ಜಾಸ್ತಿ ಅನ್ನುವ ಅರ್ಥದಲ್ಲಿ ಬರೆದರು. ಹೊಟ್ಟೆಯ ಮೇಲೆ ಕೈ ಇಟ್ಟು ಮಲಗುವ ಗಂಡನನ್ನು ನೋಡಿದವಳಿಗೆ ಆ ಮಾತು ಸುಳ್ಳು ಅನ್ನಿಸುವುದಿಲ್ಲ. ನಮ್ಮ ಜನರಲ್ಲಂತೂ ಇದು ಇನ್ನೂ ಅಪರೂಪ. ಲೆಸ್ಟರ್‌ನಲ್ಲೇ ನೋಡಿದಾಗ ದಕ್ಷಿಣ ಏಷ್ಯಾ ಮೂಲದ ಗಂಡಸರಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ ಕಂಡಿತ್ತು. ಶುಗರ್ ಇರುವವರಲ್ಲೂ ಇದು ಕಡಿಮೆ ಅಂತೆ, ಅದು ನನಗೆ ಆಶ್ಚರ್ಯವಾಯಿತು. ಇವರ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ, ಎಲ್ಲರಿಗೂ ಬಿಪಿ.

ಇಷ್ಟೆಲ್ಲ ತೂಗಿ ನೋಡಿದ ಮೇಲೂ ನನ್ನ ಮನಸ್ಸು ಕಾಗದದ ಕಡೆಗೇ ವಾಲುತ್ತದೆ. ಹೆದರಿಕೆ ಬಂತು, ನಿಜ. ಆದರೆ ಒಂದು ವರ್ಷದಲ್ಲಿ ಅದು ಪಳಗಿತು. ಬಿಪಿ ಮಾತ್ರೆ ತಪ್ಪದೆ ನುಂಗುತ್ತಾರೆ. ಎರಡನೇ ಸ್ಕ್ಯಾನ್‌ನಲ್ಲಿ 3.7 ಬಂದಾಗ ಮನೆಗೆ ಬಂದು ಕಾಫಿ ಕುಡಿದು ತೋಟದ ಹುಲ್ಲು ಕತ್ತರಿಸಲು ಹೋದರು. ನಾನು ಕಿಟಕಿಯಿಂದ ನೋಡಿದೆ, ತಡೆಯಲಿಲ್ಲ.

(ಹೆಂಗಸರನ್ನು ಯಾಕೆ ಕರೆಯುವುದಿಲ್ಲ ಅಂತ ನನ್ನ ಗೆಳತಿಯರು ಕೇಳುತ್ತಾರೆ. ನಮ್ಮಲ್ಲಿ ಇದು ಬಹಳ ಕಡಿಮೆ, ಬಂದರೂ ತಡವಾಗಿ ಬರುತ್ತದೆ. ಆದರೆ ಬಂದರೆ ಇನ್ನೂ ಸಣ್ಣ ಅಳತೆಯಲ್ಲೇ ಒಡೆಯಬಹುದು. ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಇದ್ದರೆ ಹೆಂಗಸರೂ ಡಾಕ್ಟರನ್ನು ಕೇಳಬೇಕು.)

ಭಾವನಿಗೆ ಫೋನು

ತೀರ್ಥಹಳ್ಳಿಗೆ ಇಂಥ ಕಾಗದ ಬರುವುದಿಲ್ಲ. ಭಾರತದಲ್ಲಿ ಇದಕ್ಕೆ ದೇಶವ್ಯಾಪಿ ತಪಾಸಣೆ ಇಲ್ಲ, ಅದು ತಪ್ಪು ಅಂತಲೂ ನಾನು ಹೇಳಲಾರೆ. ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ಮೊದಲು ನೋಡಬೇಕಾದ ದೇಶ ಅದು. ಆದರೆ ನಮ್ಮ ಭಾವನ ಮಾತು ಬೇರೆ. ತಮ್ಮನಿಗೆ ಇದೆ, ಅಪ್ಪನಿಗೆ ಇದ್ದಿರಬಹುದು, ಸ್ವತಃ ಮೂವತ್ತು ವರ್ಷ ಸಿಗರೇಟು ಸೇದಿದವರು, ವಯಸ್ಸು 70. ಇವರು ಎರಡು ಸಲ ಫೋನ್ ಮಾಡಿ "ಅಣ್ಣಾ, ಒಂದು ಸ್ಕ್ಯಾನ್ ಮಾಡಿಸು" ಅಂದರು. "ಆಯ್ತು, ನೋಡೋಣ" ಅನ್ನುವ ಉತ್ತರ ಬಂತು. ಮಲೆನಾಡಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ಮೂರನೇ ಸಲ ನಾನು ಮಾಡಿದೆ. ಭಾವ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಅವರ ಕೋಣೆಯಲ್ಲಿ ಐನ್‌ಸ್ಟೈನ್ ಫೋಟೋ ಇದೆ.

"ಭಾವ, ಐನ್‌ಸ್ಟೈನ್ ಹೋಗಿದ್ದು ಇದೇ ಕಾಯಿಲೆಯಿಂದ, ನಿಮಗೆ ಗೊತ್ತಿತ್ತಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಹೌದಾ? ಹೇಳಮ್ಮ, ಹೇಗೆ?"

ನಾನು ಓದಿದ್ದನ್ನೆಲ್ಲ ಹೇಳಿದೆ. 1948ರ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ರುಡಾಲ್ಫ್ ನಿಸ್ಸೆನ್ ಅನ್ನುವ ಸರ್ಜನ್ ಅವರ ಹೊಟ್ಟೆ ತೆರೆದು, ಉಬ್ಬಿದ ರಕ್ತನಾಳದ ಸುತ್ತ ಸೆಲೋಫೇನ್ ಹಾಳೆ ಸುತ್ತಿದರು. ಆಗ ಅಷ್ಟೇ ಮಾಡಲು ಸಾಧ್ಯವಿತ್ತು. ಆ ಹಾಳೆಯ ಜೊತೆ ಅವರು ಆರು ವರ್ಷಕ್ಕಿಂತ ಜಾಸ್ತಿ ಬದುಕಿದರು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು.

"ಮತ್ತೆ ಆಪರೇಷನ್ ಮಾಡಲಿಲ್ವಾ?"

"ಡಾಕ್ಟರು ಮಾಡೋಣ ಅಂದರಂತೆ. ಅವರೇ ಬೇಡ ಅಂದರು."

"ನೋಡು ಮತ್ತೆ! ಅವರೇ ಬೇಡ ಅಂದಿದ್ದಾರೆ."

"ಭಾವ, ಅವರಿಗೆ ಏನಿದೆ ಅಂತ ಗೊತ್ತಿತ್ತು. ಗೊತ್ತಿದ್ದು ಬೇಡ ಅಂದರು. ಮಾವನವರಿಗೆ ಬೇಕು ಬೇಡ ಅನ್ನೋಕೂ ಆಗಲಿಲ್ಲ."

ಇದನ್ನು ಹೇಳಬೇಕು ಅಂತ ನಾನು ಮೊದಲೇ ಅಂದುಕೊಂಡಿರಲಿಲ್ಲ. ಬಾಯಿಗೆ ಬಂತು. ಭಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು. "ಅಪ್ಪ ಒಂದು ಸಲ ನನ್ನ ಹತ್ತಿರ ಹೇಳಿದ್ರು ಕಣಮ್ಮ. ಹೊಟ್ಟೆಯೊಳಗೆ ಇನ್ನೊಂದು ಹೃದಯ ಇದ್ದ ಹಾಗಿದೆ ಅಂತ. ಡಾಕ್ಟರಿಗೂ ತೋರಿಸಿದ್ವಿ. ಗ್ಯಾಸ್ ಅಂದಿದ್ರು." ಅದು ಯಾವ ವರ್ಷ ಅಂತ ಕೇಳಿದೆ. ನೆನಪಿಲ್ಲ ಅಂದರು. ಅಮ್ಮನಿಗೆ ಗೊತ್ತಿದ್ದಿರಬಹುದು ಅಂದರು. ಅತ್ತೆ ಹೋಗಿ ಹನ್ನೆರಡು ವರ್ಷವಾಯಿತು.

ಮರುವಾರ ಅವರು ಶಿವಮೊಗ್ಗಕ್ಕೆ ಹೋದರು. ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ನಮಗೆಲ್ಲ ಗೊತ್ತಿರುವ ಆ ಬೋರ್ಡು, ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅಂತ. ಸುತ್ತ ಬಸುರಿ ಹೆಂಗಸರು, ಅವರ ಅಮ್ಮಂದಿರು. ನಡುವೆ ಎಪ್ಪತ್ತರ ಮೇಷ್ಟ್ರು ಒಬ್ಬರೇ, ಕೈಯಲ್ಲಿ ಡಾಕ್ಟರ ಚೀಟಿ. ಇಂಗ್ಲೆಂಡಿನಲ್ಲಿ ಸ್ಕ್ಯಾನ್ ಮಾಡುವವರು ಯಂತ್ರವನ್ನು ಕಾರಿನಲ್ಲಿ ಇಟ್ಟುಕೊಂಡು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಹೋಗುತ್ತಾರೆ. ನಮ್ಮಲ್ಲಿ ಹಾಗೆ ಸುಲಭವಾಗಿ ಒಯ್ಯುವಂತಿಲ್ಲ. ಹೆಣ್ಣುಮಕ್ಕಳನ್ನು ಉಳಿಸಲು 1994ರಲ್ಲಿ ಬಂದ ಕಾನೂನು ಅದು, ಬೇಕಾದದ್ದೇ. ಆದರೆ ಯಂತ್ರ ಊರಿಗೆ ಬರದಿದ್ದರೆ ಊರೇ ಯಂತ್ರದ ಹತ್ತಿರ ಹೋಗಬೇಕು. ಹೋಗು ಅಂತ ಯಾರಾದರೂ ಹೇಳಬೇಕು. ಬರೀ 'ಹೊಟ್ಟೆ ಸ್ಕ್ಯಾನ್' ಅಂದರೆ ಸಾಲದು, ಅಯೋರ್ಟಾದ ಅಳತೆ ಬರೆಯಿರಿ ಅಂತ ಕೇಳಿ ಅಂದಿದ್ದೆ. ಭಾವ ಅದನ್ನು ಚೀಟಿಯ ಹಿಂದೆ ಬರೆದುಕೊಂಡು ಹೋಗಿದ್ದರು.

ಮಧ್ಯಾಹ್ನ ಫೋನ್ ಬಂತು. "1.9." ಅಷ್ಟೇ ಅಂದರು. ನನಗೆ ಅಳು ಬಂತು. ಇವರು ನನ್ನ ಕೈಯಿಂದ ಫೋನ್ ತೆಗೆದುಕೊಂಡು "ಅಣ್ಣಾ" ಅಂದರು. ಆಮೇಲೆ ಇಬ್ಬರೂ ಅಡಿಕೆ ರೇಟಿನ ವಿಷಯ ಮಾತಾಡಿದರು.

ಹಾಗಾದರೆ ಮಾವನವರಿಗೆ ಇತ್ತಾ, ಇರಲಿಲ್ವಾ? ಭಾವನ 1.9 ಅದಕ್ಕೆ ಉತ್ತರ ಹೇಳುವುದಿಲ್ಲ. ಇವರ 3.7 ಕೂಡ ಹೇಳುವುದಿಲ್ಲ. ಮಗಳಿಗೆ ಈಗ ಮೂವತ್ತು ದಾಟಿದೆ. ಈ ಯುಗಾದಿಗೆ ಬಂದಿದ್ದಾಗ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಅಡಿಕೆಯ ಆಟ ಅವಳಿಗೆ ಚೆನ್ನಾಗಿ ನೆನಪಿದೆ. ಅಜ್ಜನ ಬಗ್ಗೆ ಅವಳಿಗೆ ಇರುವುದು ಅದೊಂದೇ ನೆನಪು. ಸೌಟು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು.

"ಅಮ್ಮಾ, ನಾನು ಅಡಿಕೆ ಇಟ್ಟಾಗ ಅಜ್ಜನಿಗೆ ನೋವಾಗ್ತಿತ್ತಾ?"

"ಇಲ್ಲ ಮಗಾ," ಅಂದೆ. "ನಗ್ತಿದ್ರು. ಬಿದ್ರೆ, ಇನ್ನೊಂದು ಸಲ ಇಡು ಅನ್ನುತ್ತಿದ್ರು."